ಅರುವತ್ತು ವರ್ಷ ಕಾದ ಶಾಲೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ಥಾಂಪ್ಟನ್ ಪಟ್ಟಣದಲ್ಲಿರುವ ಸ್ಮಿತ್ ವೊಕೇಶನಲ್ ಅಂಡ್ ಅಗ್ರಿಕಲ್ಚರಲ್ ಹೈಸ್ಕೂಲು ಬೇಸಾಯವನ್ನೂ ಕಸುಬುಗಳನ್ನೂ ಕಲಿಸುವ ಸಾರ್ವಜನಿಕ ಪ್ರೌಢಶಾಲೆ. ಅದು ಬಾಗಿಲು ತೆರೆದದ್ದು 1908ರಲ್ಲಿ. ಅದಕ್ಕೆ ಹಣವಿಟ್ಟ ಆಲಿವರ್ ಸ್ಮಿತ್ ತೀರಿಕೊಂಡದ್ದು 1845ರ ಡಿಸೆಂಬರ್ 22ರಂದು. ಇಷ್ಟು ತಡವಾದದ್ದು ಯಾರ ಆಲಸ್ಯದಿಂದಲೂ ಅಲ್ಲ. ಶಾಲೆಗೆಂದು ತೆಗೆದಿಡುವ 30,000 ಡಾಲರಿನ ನಿಧಿ ತನ್ನ ಸಾವಿನಿಂದ ಅರುವತ್ತು ವರ್ಷ ತುಂಬುವವರೆಗೆ ಬಡ್ಡಿಗೆ ಬಡ್ಡಿ ಸೇರಿ ಬೆಳೆಯುತ್ತಿರಬೇಕು, ಆಮೇಲಷ್ಟೇ ನಾರ್ಥಾಂಪ್ಟನ್ನಿನಲ್ಲಿ ಶಾಲೆ ಏಳಬೇಕು ಎಂದು ಅವನೇ ಉಯಿಲಿನಲ್ಲಿ ವಿಧಿಸಿದ್ದ.

ಈ ವಿಧಿಯಲ್ಲಿ ಎರಡು ಹಳೆಯ ಪ್ರಶ್ನೆಗಳು ಹೆಣೆದುಕೊಂಡಿವೆ. ಸತ್ತವನಿಗೆ ಬದುಕಿರುವವರ ಮೇಲೆ ಎಷ್ಟು ಅಧಿಕಾರವಿರಬಹುದು ಎಂಬುದು ಒಂದು. ಬಡವರ ಮಕ್ಕಳಿಗೆ ದುಡಿಮೆಯನ್ನು ಕಲಿಸುವುದೆಂದರೆ ಅವರ ಕೈಗೆ ಸ್ವಾತಂತ್ರ್ಯ ಕೊಟ್ಟಂತೆಯೋ, ಅವರನ್ನು ಇದ್ದ ಜಾಗದಲ್ಲೇ ಕೂರಿಸಿದಂತೆಯೋ ಎಂಬುದು ಇನ್ನೊಂದು. ಮೊದಲನೆಯದನ್ನು ನ್ಯಾಯವಾದಿಗಳೂ ಎರಡನೆಯದನ್ನು ಶಿಕ್ಷಣತಜ್ಞರೂ ಹಂಚಿಕೊಂಡು ಚರ್ಚಿಸುವುದು ವಾಡಿಕೆ. ಆದರೆ ಎರಡರ ಬುಡವೂ ಒಂದೇ: ಇನ್ನೊಬ್ಬರ ಬದುಕು ಹೇಗಿರಬೇಕೆಂದು ಅವರ ಒಳಿತಿಗಾಗಿಯೇ ನಿರ್ಧರಿಸುವ ಹಕ್ಕು ಯಾರಿಗಿದೆ?

ಆಲಿವರ್ ಸ್ಮಿತ್ ಹುಟ್ಟಿದ್ದು 1766ರಲ್ಲಿ, ನಾರ್ಥಾಂಪ್ಟನ್ನಿನ ನೆರೆಯ ಹ್ಯಾಟ್‌ಫೀಲ್ಡ್‌ನಲ್ಲಿ. ಕನೆಕ್ಟಿಕಟ್ ನದಿಯ ಮೆಕ್ಕಲು ಮಣ್ಣಿನ ಆ ಊರುಗಳಲ್ಲಿ ಬೇಸಾಯ ಕೈಹಿಡಿಯುತ್ತಿತ್ತು. ದನಗಳನ್ನು ಕೊಬ್ಬಿಸಿ ಪೇಟೆಗೆ ಮಾರುವುದರಲ್ಲಿಯೂ ಲಾಭವಿತ್ತು. ಸ್ಮಿತ್ ಎರಡನ್ನೂ ಮಾಡಿದ, ಗಳಿಸಿದ್ದನ್ನು ಸಾಲಕ್ಕೂ ಹೂಡಿಕೆಗೂ ಹಚ್ಚಿದ, ಮದುವೆಯಾಗಲಿಲ್ಲ, ಕೈ ಬಿಗಿಹಿಡಿದು ಬಾಳಿದ. ಸಾಯುವಾಗ ಅವನ ಆಸ್ತಿ ಸುಮಾರು 3,70,000 ಡಾಲರ್. ಹಳ್ಳಿಯ ರೈತನೊಬ್ಬನ ಬಳಿ ಆ ಕಾಲದಲ್ಲಿ ಅಷ್ಟು ಹಣ ಕೂಡಿತ್ತೆನ್ನುವುದು ಸಣ್ಣ ಮಾತಲ್ಲ.

ಹೀಗೆ ದುಡಿದು, ಉಣ್ಣದೆ ಉಡದೆ ಕೂಡಿಡುವ ಸ್ವಭಾವಕ್ಕೆ ಆ ಸೀಮೆಯಲ್ಲಿ ಧಾರ್ಮಿಕ ಹಿನ್ನೆಲೆಯಿತ್ತು. ನ್ಯೂ ಇಂಗ್ಲೆಂಡನ್ನು ಕಟ್ಟಿದ ಪ್ಯೂರಿಟನ್ನರು ಮನುಷ್ಯನಿಗೆ ದೇವರಿಂದ ಎರಡು ಕರೆಗಳು ಬರುತ್ತವೆಂದು ನಂಬಿದ್ದರು. ಕ್ರೈಸ್ತನಾಗಿ ಬಾಳು ಎಂಬುದು ಎಲ್ಲರಿಗೂ ಸಮಾನವಾದ ಕರೆ. ರೈತನಾಗು, ಕಮ್ಮಾರನಾಗು, ನ್ಯಾಯಾಧೀಶನಾಗು ಎಂಬುದು ಒಬ್ಬೊಬ್ಬನಿಗೂ ಬೇರೆಬೇರೆಯಾದ ಕರೆ. ಕೇಂಬ್ರಿಜ್‌ನ ದೈವಶಾಸ್ತ್ರಜ್ಞ ವಿಲಿಯಂ ಪರ್ಕಿನ್ಸ್ ಹದಿನಾರನೆಯ ಶತಮಾನದ ಕೊನೆಗೆ ಈ ವಿಂಗಡಣೆಯನ್ನು ವಿಸ್ತಾರವಾಗಿ ನಿರೂಪಿಸಿದ. ಬಾಸ್ಟನ್ನಿನ ಪಾದ್ರಿ ಕಾಟನ್ ಮೇದರ್ 1701ರಲ್ಲಿ ಪ್ರಕಟಿಸಿದ ಉಪದೇಶದಲ್ಲಿ ಇವೆರಡನ್ನೂ ಒಂದೇ ದೋಣಿಯ ಎರಡು ಹುಟ್ಟುಗಳೆಂದ: ಒಂದನ್ನೇ ಹಾಕಿದರೆ ದೋಣಿ ಸುತ್ತುತ್ತದೆಯೇ ಹೊರತು ದಡ ಸೇರುವುದಿಲ್ಲ. ಹೊಲದ ಕೆಲಸಕ್ಕೂ ಪ್ರಾರ್ಥನೆಗೂ ನಡುವೆ ಮೇಲು ಕೀಳಿಲ್ಲವೆಂಬುದು ಈ ಬೋಧನೆಯ ಉದಾರ ಮುಖ. ಅವರವರ ಸ್ಥಾನ ದೇವರು ಕೊಟ್ಟದ್ದು, ಅದನ್ನು ಬಿಟ್ಟು ಮೇಲೇರಲು ಹೊರಡುವುದು ಅಹಂಕಾರ ಎಂಬುದು ಅದರ ಇನ್ನೊಂದು ಮುಖ. ವೃತ್ತಿಶಿಕ್ಷಣದ ಕುರಿತು ಇಪ್ಪತ್ತನೆಯ ಶತಮಾನದಲ್ಲಿ ಎದ್ದ ಜಗಳದ ಬೀಜ ಈ ಎರಡು ಮುಖಗಳಲ್ಲೇ ಇದೆ.

ವಚನಕಾರರ ಕಾಯಕ ಕನ್ನಡ ಓದುಗರಿಗೆ ಇಲ್ಲಿ ತಟ್ಟನೆ ನೆನಪಾಗುತ್ತದೆ, ಮತ್ತು ಹೋಲಿಕೆ ಸ್ವಲ್ಪ ದೂರ ಸಾಗುತ್ತದೆ. ಎರಡೂ ಕಡೆ ದುಡಿಮೆ ಪೂಜೆಗಿಂತ ಕೀಳಲ್ಲ, ಎರಡೂ ಕಡೆ ಸೋಮಾರಿತನಕ್ಕೆ ಕ್ಷಮೆಯಿಲ್ಲ. ದಾರಿಗಳು ಬೇರೆಯಾಗುವುದು ಮಿಕ್ಕ ಹಣದ ವಿಚಾರದಲ್ಲಿ. ಕಾಯಕದ ಬೆನ್ನಿಗೇ ದಾಸೋಹವಿದೆ. ನಾಳೆಗೆಂದು ಕೂಡಿಡುವುದನ್ನು ಶರಣರು ಒಪ್ಪಲಿಲ್ಲ. ಪ್ಯೂರಿಟನ್ನನಿಗೆ ಮಿಕ್ಕದ್ದನ್ನು ಭೋಗಕ್ಕೆ ಸುರಿಯುವುದು ಪಾಪವಾಗಿತ್ತು, ಆದರೆ ಅದನ್ನು ಬೆಳೆಸುವುದು ಪಾಪವಾಗಿರಲಿಲ್ಲ. 1904ರಲ್ಲಿ ಅಮೆರಿಕವನ್ನು ಸುತ್ತಿದ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್, ಬಂಡವಾಳಶಾಹಿಯ ಮನೋಧರ್ಮವನ್ನು ಈ ಸಂಯಮದ ಗಳಿಕೆಯಲ್ಲೇ ಗುರುತಿಸಿದ. ಅವನು ಕೊಟ್ಟ ಮುಖ್ಯ ನಿದರ್ಶನ ಬೆಂಜಮಿನ್ ಫ್ರಾಂಕ್ಲಿನ್. ವೆಬರನಿಗೆ ಹ್ಯಾಟ್‌ಫೀಲ್ಡ್‌ನ ಸ್ಮಿತ್ ಗೊತ್ತಿದ್ದರೆ ಅವನ ಉಯಿಲೂ ಕೆಲಸಕ್ಕೆ ಬರುತ್ತಿತ್ತು.

ಉಯಿಲಿನಲ್ಲಿ ಶಾಲೆ ಒಂದು ಭಾಗ ಮಾತ್ರ. ಆಸ್ತಿಯ ದೊಡ್ಡ ಪಾಲು ನದಿಕಣಿವೆಯ ಎಂಟು ಊರುಗಳ ಬಡವರಿಗೆ ಮೀಸಲಾಯಿತು. ನಿರ್ಗತಿಕ ಹುಡುಗರನ್ನು ಒಳ್ಳೆಯ ಮನೆತನಗಳಲ್ಲಿ ಕೆಲಸ ಕಲಿಯಲು ಇರಿಸಬೇಕು. ಇಪ್ಪತ್ತೊಂದು ತುಂಬಿದ ಮೇಲೆ 500 ಡಾಲರ್ ಸಾಲ ಕೊಡಬೇಕು. ಐದು ವರ್ಷ ಚೆನ್ನಾಗಿ ನಡೆದುಕೊಂಡರೆ ಸಾಲವೇ ಕೊಡುಗೆಯಾಗಬೇಕು. ಬಡ ಹೆಣ್ಣುಮಕ್ಕಳ ಮದುವೆಗೂ ವಿಧವೆಯರಿಗೂ ಬೇರೆ ಬೇರೆ ಮೊತ್ತಗಳು. ಅಮೆರಿಕದ ಸ್ವತಂತ್ರ ಕಪ್ಪು ಜನರನ್ನು ಆಫ್ರಿಕಾಕ್ಕೆ ಸಾಗಿಸುವ ಉದ್ದೇಶದ ಅಮೆರಿಕನ್ ಕಾಲನೈಸೇಶನ್ ಸೊಸೈಟಿಗೂ ಒಂದು ಪಾಲು ಹೋಯಿತು. ಬಡವನಿಗೆ ಯಾವ ಜಾಗ ತಕ್ಕದ್ದೆಂದು ಪಕ್ಕದ ಊರಿನ ಹುಡುಗನ ವಿಷಯದಲ್ಲಿ ತೀರ್ಮಾನಿಸಿದ ಮನಸ್ಸೇ, ಒಂದು ಇಡೀ ಜನಾಂಗಕ್ಕೆ ಯಾವ ಖಂಡ ತಕ್ಕದ್ದೆಂದೂ ತೀರ್ಮಾನಿಸಿತು.

ಅದೇ ಹೊತ್ತಿಗೆ ನಾರ್ಥಾಂಪ್ಟನ್ನಿನ ಇನ್ನೊಂದು ಮೂಲೆಯಲ್ಲಿ, ಮುಂದೆ ಫ್ಲಾರೆನ್ಸ್ ಎಂದು ಹೆಸರಾದ ಭಾಗದಲ್ಲಿ, ತೀರ ಬೇರೆಯದೇ ಆದ ಪ್ರಯೋಗ ನಡೆದಿತ್ತು. 1842ರಿಂದ 1846ರವರೆಗೆ ಅಲ್ಲಿದ್ದ ‘ನಾರ್ಥಾಂಪ್ಟನ್ ಅಸೋಸಿಯೇಶನ್ ಆಫ್ ಎಜುಕೇಶನ್ ಅಂಡ್ ಇಂಡಸ್ಟ್ರಿ’ ಗುಲಾಮಗಿರಿಯ ವಿರೋಧಿಗಳು ಕೂಡಿ ಕಟ್ಟಿದ ಸಮುದಾಯ. ರೇಷ್ಮೆ ತಯಾರಿಕೆ ಅವರ ಕಸುಬು. ಕಲಿಕೆಯೂ ದುಡಿಮೆಯೂ ಒಂದೇ ಬದುಕಿನಲ್ಲಿ ಸೇರಬೇಕೆಂಬುದು ಅವರ ತತ್ತ್ವ. ಗುಲಾಮಳಾಗಿ ಹುಟ್ಟಿ ಮುಂದೆ ದೇಶವಿಡೀ ಹೆಸರಾದ ಭಾಷಣಗಾರ್ತಿ ಸೋಜರ್ನರ್ ಟ್ರೂತ್ ಅಲ್ಲಿ ನೆಲೆಸಿದ್ದಳು; ತಪ್ಪಿಸಿಕೊಂಡು ಬಂದ ನೂರಾರು ಗುಲಾಮರಿಗೆ ನ್ಯೂಯಾರ್ಕಿನಲ್ಲಿ ಆಸರೆ ಕೊಟ್ಟ ಡೇವಿಡ್ ರಗಲ್ಸ್ ಕೂಡ. ಸ್ಮಿತ್ ಸತ್ತ ಮರುವರ್ಷವೇ ಈ ಸಮುದಾಯ ಸಾಲದ ಭಾರದಲ್ಲಿ ಚದುರಿತು. ಹಣವಿದ್ದ ಯೋಜನೆ ಶಾಲೆಗಾಗಿ ಅರುವತ್ತು ವರ್ಷ ಕಾಯಿತು, ತತ್ಕ್ಷಣ ಕಾರ್ಯಕ್ಕಿಳಿದ ಯೋಜನೆಗೆ ಹಣವಿರಲಿಲ್ಲ. ಚರಿತ್ರೆಯಲ್ಲಿ ಇಂಥ ಅಸಂಗತಗಳು ಹೊಸತೇನಲ್ಲ.

ಉಯಿಲು ಸುಲಭವಾಗಿ ದಕ್ಕಲಿಲ್ಲ. ರಕ್ತಸಂಬಂಧಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1847ರಲ್ಲಿ ನಾರ್ಥಾಂಪ್ಟನ್ನಿನಲ್ಲಿ ನಡೆದ ವಿಚಾರಣೆಯಲ್ಲಿ ವಾರಸುದಾರರ ಪರ ರೂಫಸ್ ಚೋಟ್, ಉಯಿಲಿನ ಪರ ಡೇನಿಯಲ್ ವೆಬ್‌ಸ್ಟರ್ — ಆ ಕಾಲದ ಇಬ್ಬರು ಅತಿರಥರು — ಎದುರುಬದುರಾದರು. ಉಯಿಲಿಗೆ ಸಹಿ ಹಾಕಿದ ಸಾಕ್ಷಿಗಳಲ್ಲೊಬ್ಬನ ಬುದ್ಧಿ ಸ್ವಸ್ಥವಾಗಿತ್ತೇ ಎಂಬ ಒಂದೇ ಅಂಶದ ಸುತ್ತ ವಾದ ಸುತ್ತಿತು. ಉಯಿಲು ಗೆದ್ದಿತು.

ವೆಬ್‌ಸ್ಟರನ ಪಾತ್ರ ಇಲ್ಲಿ ಕುತೂಹಲಕರ. ಮೂರೇ ವರ್ಷದ ಹಿಂದೆ, 1844ರಲ್ಲಿ, ಅವನು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಇಂಥದೇ ಇನ್ನೊಂದು ಉಯಿಲನ್ನು ಮುರಿಯಲು ವಾದಿಸಿದ್ದ. ಫಿಲಡೆಲ್ಫಿಯಾದ ವರ್ತಕ ಸ್ಟೀಫನ್ ಜಿರಾರ್ಡ್ 1831ರಲ್ಲಿ ಸಾಯುವಾಗ ತಂದೆಯಿಲ್ಲದ ಬಡ ಬಿಳಿಯ ಹುಡುಗರ ಶಾಲೆಗೆ ಅಪಾರ ಹಣ ಬಿಟ್ಟಿದ್ದ. ಆದರೆ ಯಾವ ಪಂಗಡದ ಪಾದ್ರಿಯೂ ಶಾಲೆಯ ಆವರಣಕ್ಕೆ ಕಾಲಿಡಕೂಡದೆಂಬ ಷರತ್ತು ಹಾಕಿದ್ದ. ಧರ್ಮಬೋಧಕರನ್ನು ಹೊರಗಿಟ್ಟ ಶಾಲೆ ಧರ್ಮಕಾರ್ಯವೇ ಆಗಲಾರದು, ಕಾನೂನು ಅದನ್ನು ದತ್ತಿಯೆಂದು ಕಾಯಬೇಕಿಲ್ಲ ಎಂದು ವೆಬ್‌ಸ್ಟರ್ ವಾದಿಸಿದ. ನ್ಯಾಯಮೂರ್ತಿ ಜೋಸೆಫ್ ಸ್ಟೋರಿ ಒಪ್ಪಲಿಲ್ಲ: ಪಾದ್ರಿಯಲ್ಲದವರೂ ನೀತಿಯನ್ನೂ ಕ್ರೈಸ್ತ ತತ್ತ್ವಗಳನ್ನೂ ಕಲಿಸಬಲ್ಲರು, ಶಾಲೆಗೆ ಯಾರು ಬರಬಾರದೆಂದು ಹೇಳಿದ ಮಾತ್ರಕ್ಕೆ ಅಲ್ಲಿ ಏನು ಕಲಿಸಬಾರದೆಂದು ಹೇಳಿದಂತಾಗದು ಎಂದು ತೀರ್ಪಿತ್ತ. ಬಡವರ ಶಾಲೆಯ ಪುಣ್ಯ ಚರ್ಚಿನ ಮೂಲಕವೇ ಹಾಯಬೇಕಿಲ್ಲವೆಂಬುದು ಈ ತೀರ್ಪಿನಿಂದ ಗಟ್ಟಿಯಾಯಿತು. ಸ್ಮಿತ್ ಕೂಡ ತನ್ನ ಶಾಲೆಯನ್ನು ಯಾವ ಚರ್ಚಿಗೂ ಒಪ್ಪಿಸದೆ ಊರಿಗೇ ಒಪ್ಪಿಸಿದ. ನೆಲದ ಉಳುಮೆಯೇ ಪವಿತ್ರವೆಂದು ಇನ್ನೂರು ವರ್ಷ ಉಪದೇಶ ಕೇಳಿದ ಜನಕ್ಕೆ ಉಳುಮೆ ಕಲಿಸಲು ಬೇರೆ ಮುದ್ರೆ ಬೇಕಾಗಲಿಲ್ಲ.

ನ್ಯಾಯಾಲಯದಲ್ಲಿ ಕೇಳಿಬಾರದ ಪ್ರಶ್ನೆಯೇ ನಿಜವಾಗಿ ದೊಡ್ಡದು. ಸತ್ತವನ ಹಣ ಮೂರು ತಲೆಮಾರು ಹಾಗೇ ಬೆಳೆಯುತ್ತ ಕೂರುವುದು ಧರ್ಮವೇ?

ಈ ಬಗ್ಗೆ ಆ ಹೊತ್ತಿಗಾಗಲೇ ಸಾಕಷ್ಟು ಚಿಂತನೆ ನಡೆದಿತ್ತು. 1757ರಲ್ಲಿ ಫ್ರೆಂಚ್ ವಿಶ್ವಕೋಶಕ್ಕೆ ದತ್ತಿಗಳ ಕುರಿತು ಬರೆದ ಲೇಖನದಲ್ಲಿ ಅರ್ಥಶಾಸ್ತ್ರಜ್ಞ ತುರ್ಗೋ, ದಾನಿಯ ಪ್ರತಿಷ್ಠೆಯೇ ಎಷ್ಟೋ ದತ್ತಿಗಳ ಬೇರು, ಒಳ್ಳೆಯ ಉದ್ದೇಶದವೂ ಕಾಲ ಬದಲಾದಂತೆ ಹೊರೆಯಾಗುತ್ತವೆ ಎಂದು ಟೀಕಿಸಿದ್ದ. 1789ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನಿಂದ ಜೇಮ್ಸ್ ಮ್ಯಾಡಿಸನ್ನನಿಗೆ ಬರೆದ ಪತ್ರದಲ್ಲಿ ಥಾಮಸ್ ಜೆಫರ್ಸನ್, ಭೂಮಿಯ ಅನುಭೋಗ ಬದುಕಿರುವವರದು, ಸತ್ತವರಿಗೆ ಅದರ ಮೇಲೆ ಹಕ್ಕೂ ಇಲ್ಲ ಅಧಿಕಾರವೂ ಇಲ್ಲ ಎಂಬ ನಿಲುವು ತಳೆದ. ಆಯಸ್ಸಿನ ಕೋಷ್ಟಕ ನೋಡಿ ಒಂದು ತಲೆಮಾರಿನ ಅವಧಿ 19 ವರ್ಷವೆಂದು ಲೆಕ್ಕವನ್ನೂ ಹಾಕಿದ. ಆ ಲೆಕ್ಕದಲ್ಲಿ ಸ್ಮಿತ್ ಮೂರು ತಲೆಮಾರುಗಳ ಕೈ ಕಟ್ಟಿದಂತಾಯಿತು. ಇಂಗ್ಲೆಂಡಿನಲ್ಲಿ ಪೀಟರ್ ಥೆಲ್ಲಸನ್ ಎಂಬ ವರ್ತಕ ಮಕ್ಕಳು ಮೊಮ್ಮಕ್ಕಳೆಲ್ಲ ಸಾಯುವವರೆಗೆ ಆಸ್ತಿ ಬೆಳೆಯುತ್ತಲೇ ಇರಲೆಂದು ಬರೆದಿಟ್ಟು 1797ರಲ್ಲಿ ಸತ್ತಾಗ ಪಾರ್ಲಿಮೆಂಟೇ ಬೆಚ್ಚಿತು. 1800ರಲ್ಲಿ ಕಾಯಿದೆ ತಂದು ಇಂಥ ಕೂಡಿಕೆಗೆ ಮಿತಿ ಹಾಕಿತು. ದಾನಿ ಸತ್ತ ಮೇಲೆ 21 ವರ್ಷ ಎಂಬುದು ಅದು ಒಪ್ಪಿದ ಮಿತಿಗಳಲ್ಲಿ ಒಂದು.

ಎದುರುಪಕ್ಷದ ಹಿರಿಯ ಫ್ರಾಂಕ್ಲಿನ್. 1790ರಲ್ಲಿ ತೀರಿಕೊಂಡ ಅವನು ಬಾಸ್ಟನ್, ಫಿಲಡೆಲ್ಫಿಯಾ ನಗರಗಳಿಗೆ ತಲಾ 1,000 ಪೌಂಡು ಬಿಟ್ಟ. ಅದನ್ನು ಶೇಕಡಾ 5ರ ಬಡ್ಡಿಗೆ, ಮದುವೆಯಾದ ಯುವ ಕುಶಲಕರ್ಮಿಗಳಿಗೆ ಸಾಲವಾಗಿ ಕೊಡುತ್ತ ಹೋಗಬೇಕು. ನೂರು ವರ್ಷಕ್ಕೆ ಅದು 1,31,000 ಪೌಂಡಾಗುತ್ತದೆ. ಆಗ ಹೆಚ್ಚಿನ ಪಾಲನ್ನು ಸಾರ್ವಜನಿಕ ಕೆಲಸಕ್ಕೆ ಬಳಸಿ ಉಳಿದದ್ದನ್ನು ಇನ್ನೂ ನೂರು ವರ್ಷ ಬೆಳೆಸಬೇಕು. ಫ್ರಾಂಕ್ಲಿನ್ನನ ಯೋಜನೆಗೂ ಸ್ಮಿತ್‌ನದಕ್ಕೂ ಇರುವ ಅಂತರ ಇಲ್ಲೇ ಗೋಚರಿಸುತ್ತದೆ. ಫ್ರಾಂಕ್ಲಿನ್ನನ ಹಣ ಬೆಳೆಯುತ್ತಿರುವಾಗಲೂ ಬಡಗಿಯ, ಮುದ್ರಕನ ಕೈಯಲ್ಲಿ ಓಡಾಡುತ್ತಿತ್ತು. ಸ್ಮಿತ್‌ನ ಶಾಲಾನಿಧಿ ಯಾವ ವಿದ್ಯಾರ್ಥಿಗೂ ಒಂದು ಪುಸ್ತಕ ಕೊಡದೆ ಕಾಯಿತು. ವಿಚಿತ್ರವೆಂದರೆ, ಫ್ರಾಂಕ್ಲಿನ್ ಬಿಟ್ಟ ಹಣದಿಂದ ಬಾಸ್ಟನ್ನಿನಲ್ಲಿ ತಾಂತ್ರಿಕ ಶಿಕ್ಷಣದ ‘ಫ್ರಾಂಕ್ಲಿನ್ ಯೂನಿಯನ್’ ತೆರೆದದ್ದೂ 1908ರಲ್ಲೇ. ಅದಕ್ಕೆ ಸರಿಸಮ ಮೊತ್ತ ಕೂಡಿಸಿದವನು ಉಕ್ಕಿನ ಉದ್ಯಮಿ ಆ್ಯಂಡ್ರೂ ಕಾರ್ನೆಗಿ. ಸತ್ತ ಮೇಲೆ ಬಿಟ್ಟುಹೋಗುವ ದಾನಕ್ಕೆ ಮೆಚ್ಚುಗೆ ಸಲ್ಲದು, ಕೊಂಡೊಯ್ಯಲಾಗದ್ದನ್ನು ಬಿಟ್ಟುಹೋಗುವುದರಲ್ಲಿ ಹೆಚ್ಚುಗಾರಿಕೆಯೇನಿದೆ ಎಂಬ ಧಾಟಿಯಲ್ಲಿ 1889ರಲ್ಲಿ ಬರೆದಿದ್ದ ಅದೇ ಕಾರ್ನೆಗಿ.

ದಾನಿಯ ಮನಸ್ಸಿನ ಪ್ರಶ್ನೆಯನ್ನು ಇನ್ನೂ ಆಳಕ್ಕೆ ಒಯ್ದವನು ನಾರ್ಥಾಂಪ್ಟನ್ನಿನ ಪಾದ್ರಿಯೇ ಆಗಿದ್ದ ಜೋನಥನ್ ಎಡ್ವರ್ಡ್ಸ್. 1750ರಲ್ಲಿ ಆ ಊರೇ ಅವನನ್ನು ಹೊರಹಾಕಿತು. ಅವನು ತೀರಿಕೊಂಡ ಮೇಲೆ 1765ರಲ್ಲಿ ಪ್ರಕಟವಾದ ನಿಜವಾದ ಸದ್ಗುಣದ ಕುರಿತ ಪ್ರಬಂಧದಲ್ಲಿ, ತನ್ನವರ ಮೇಲಿನ ಅಕ್ಕರೆ, ಕೀರ್ತಿಯ ಆಸೆ, ಮನಸ್ಸಾಕ್ಷಿಯ ನೆಮ್ಮದಿ ಇವುಗಳಿಂದ ಹುಟ್ಟುವ ಒಳ್ಳೆಯ ಕೆಲಸ ಒಳ್ಳೆಯದೇ ಆದರೂ ಸದ್ಗುಣವಲ್ಲ, ಇರುವ ಸಮಸ್ತದ ಮೇಲಿನ ನಿಷ್ಕಾರಣ ಪ್ರೀತಿಯೊಂದೇ ಸದ್ಗುಣ ಎಂದು ಅವನು ಪ್ರತಿಪಾದಿಸಿದ. ಈ ಅಳತೆಗೋಲಿನಲ್ಲಿ ಸ್ಮಿತ್ ವಿಚಿತ್ರ ರೀತಿಯಲ್ಲಿ ಪಾಸಾಗಬಹುದು: 1908ರ ಹುಡುಗರು ಅವನ ರಕ್ತಸಂಬಂಧಿಗಳಲ್ಲ, ಅವನ ಕಾಲದವರೂ ಅಲ್ಲ; ಅವರಿಂದ ಕೃತಜ್ಞತೆಯ ಒಂದು ಮಾತೂ ಅವನ ಕಿವಿಗೆ ಬೀಳುವಂತಿರಲಿಲ್ಲ. ಆದರೆ ಎಡ್ವರ್ಡ್ಸ್‌ನ ತರ್ಕಕ್ಕೆ ಇನ್ನೊಂದು ಅಂಚಿದೆ. ಇರುವ ಸಮಸ್ತದಲ್ಲಿ ಇನ್ನೂ ಹುಟ್ಟದವರೂ ಸೇರುವುದಾದರೆ, 1850ರಲ್ಲಿ ಹ್ಯಾಟ್‌ಫೀಲ್ಡ್‌ನ ಬೀದಿಯಲ್ಲಿದ್ದ ಹನ್ನೆರಡು ವರ್ಷದ ಹುಡುಗ ಅದರ ಹೊರಗೆ ಉಳಿಯುವುದು ಹೇಗೆ? ದೂರದವರನ್ನು ಪ್ರೀತಿಸುವವನಿಗೆ ಹತ್ತಿರದವರು ಅಡ್ಡಬರುವುದಿಲ್ಲ ಎಂಬುದೇ ಆ ಪ್ರೀತಿಯ ಅನುಕೂಲ, ಅದೇ ಅದರ ದೋಷ.

ಕಾಯುವಿಕೆಯ ಬೆಲೆಯನ್ನು ಅಳೆಯಲು ಆ ಜಿಲ್ಲೆಯಲ್ಲೇ ಸಾಧನಗಳಿವೆ. ಕೃಷಿಕಾಲೇಜುಗಳಿಗೆ ಸರ್ಕಾರಿ ಭೂಮಿ ಕೊಡುವ ಮಾರಿಲ್ ಕಾಯಿದೆ 1862ರಲ್ಲಿ ಬಂತು. ಅದರ ಬಲದಿಂದ ನದಿಯಾಚೆಯ ಆ್ಯಮರ್ಸ್ಟ್‌ನಲ್ಲಿ ಮ್ಯಾಸಚೂಸೆಟ್ಸ್ ಕೃಷಿ ಕಾಲೇಜು 1867ರಲ್ಲೇ ಪಾಠ ಆರಂಭಿಸಿತು. ಆಲಿವರ್ ತನ್ನ ಉಯಿಲಿನಲ್ಲಿ ಶಾಲೆಗೆಂದು ಬಯಸಿದ್ದ ಮಾದರಿ ಹೊಲ, ಪ್ರಯೋಗದ ಹೊಲ ಅಂದು ಹೊಸ ಕಲ್ಪನೆ. ಹಣ ಕೈಗೆ ಬರುವಷ್ಟರಲ್ಲಿ ಅವು ಸಾಮಾನ್ಯವಾಗಿದ್ದವು. ಅವನ ಸೋದರನ ಮಗಳು ಸೋಫಿಯಾ ಸ್ಮಿತ್ ಕಾಯಲಿಲ್ಲ. 1861ರಲ್ಲಿ ಸೋದರ ಆಸ್ಟಿನ್‌ನ ಆಸ್ತಿ ಅವಳ ಕೈಗೆ ಬಂತು. ತನಗೇ ಕಿವಿ ಕೇಳದಿದ್ದುದರಿಂದ ಕಿವುಡರ ಶಾಲೆಯ ಯೋಚನೆ ಅವಳಿಗಿತ್ತು. ಅಂಥ ಶಾಲೆ ನಾರ್ಥಾಂಪ್ಟನ್ನಿನಲ್ಲಿ ಬೇರೊಬ್ಬರ ಹಣದಿಂದ 1867ರಲ್ಲಿ ಆರಂಭವಾದಾಗ ಮನಸ್ಸು ಬದಲಿಸಿದಳು. ಗಂಡಸರಿಗೆ ಸಿಗುವಷ್ಟೇ ಉನ್ನತ ವಿದ್ಯೆ ಹೆಂಗಸರಿಗೂ ಸಿಗಬೇಕೆಂದು ಬರೆದಿಟ್ಟು 1870ರಲ್ಲಿ ತೀರಿಕೊಂಡಳು. ಐದೇ ವರ್ಷದಲ್ಲಿ, 1875ರಲ್ಲಿ, 14 ವಿದ್ಯಾರ್ಥಿನಿಯರೊಡನೆ ಸ್ಮಿತ್ ಕಾಲೇಜು ಶುರುವಾಯಿತು.

ಹೀಗೆ ಒಂದೇ ಮನೆತನದ ಹಣ ಒಂದೇ ಪಟ್ಟಣದಲ್ಲಿ ಎರಡು ಬಗೆಯ ವಿದ್ಯೆಗೆ ಒದಗಿತು. ಒಂದು ಕಡೆ ಗ್ರೀಕು, ಲ್ಯಾಟಿನ್, ಗಣಿತ. ಇನ್ನೊಂದು ಕಡೆ ಹೊಲ, ಹಟ್ಟಿ, ಕಾರ್ಯಾಗಾರ. ಮನುಷ್ಯರಿಗೆ ಎರಡು ಬಗೆಯ ಶಿಕ್ಷಣ ಬೇಕೇ, ಅಥವಾ ಒಂದೇ ಶಿಕ್ಷಣವನ್ನು ಎಲ್ಲರಿಗೂ ಹಂಚಬೇಕೇ?

ಆಲಿವರ್ ಕೊಟ್ಟ ಗಡುವು ಮುಗಿದದ್ದು 1905ರ ಡಿಸೆಂಬರಿನಲ್ಲಿ. ಕಾಕತಾಳೀಯವಾಗಿ ಅದೇ ವರ್ಷ ಮ್ಯಾಸಚೂಸೆಟ್ಸ್ ರಾಜ್ಯಪಾಲ ವಿಲಿಯಂ ಡಗ್ಲಸ್ ಕೈಗಾರಿಕಾ ಶಿಕ್ಷಣದ ಕುರಿತು ಆಯೋಗ ನೇಮಿಸಿದ್ದ. 1906ರಲ್ಲಿ ಬಂದ ಅದರ ವರದಿ ದೇಶದ ಗಮನ ಸೆಳೆಯಿತು. ಹದಿನಾಲ್ಕರಿಂದ ಹದಿನಾರು ವಯಸ್ಸಿನ ಸುಮಾರು 25,000 ಮಕ್ಕಳು ರಾಜ್ಯದಲ್ಲಿ ಶಾಲೆಯ ಹೊರಗಿದ್ದಾರೆ, ಗಿರಣಿಯ ಬೇಸರದ ಕೆಲಸದಲ್ಲೋ ಸುಮ್ಮನೆಯೋ ಕಾಲ ಕಳೆಯುತ್ತಿದ್ದಾರೆ ಎಂದು ಅದು ಎತ್ತಿ ತೋರಿಸಿತು. ರಾಜ್ಯ ವೃತ್ತಿಶಾಲೆಗಳಿಗೆ ನೆರವು ಕೊಡಲು ಮುಂದಾಯಿತು. ಬಹುವರ್ಷ ಬೆಳೆದ ಗಂಟು ಹಿಡಿದು ಕುಳಿತಿದ್ದ ನಾರ್ಥಾಂಪ್ಟನ್ನಿಗೆ ಇದು ಹೇಳಿ ಮಾಡಿಸಿದ ಸಂದರ್ಭ. ‘ಸ್ಮಿತ್ಸ್ ಅಗ್ರಿಕಲ್ಚರಲ್ ಸ್ಕೂಲ್ ಅಂಡ್ ನಾರ್ಥಾಂಪ್ಟನ್ ಸ್ಕೂಲ್ ಆಫ್ ಇಂಡಸ್ಟ್ರೀಸ್’ ಎಂಬ ಉದ್ದ ಹೆಸರಿನಲ್ಲಿ ಶಾಲೆ ಶುರುವಾಯಿತು. ಸತ್ತವನ ಹಣವೂ ಬದುಕಿರುವವರ ತೆರಿಗೆಯೂ ಸೇರಿ ನಡೆಯುವ ಶಾಲೆ ಅದಾಯಿತು.

ಶಾಲೆಯ ಮೊದಲ ನಿರ್ದೇಶಕನಾಗಿ ಬಂದ ರೂಫಸ್ ಸ್ಟಿಮ್‌ಸನ್ ವೃತ್ತಿಯಿಂದ ಕೃಷಿವಿಜ್ಞಾನಿಯಲ್ಲ. ಹಾರ್ವರ್ಡ್‌ನಲ್ಲಿ ತತ್ತ್ವಶಾಸ್ತ್ರ ಓದಿದ್ದ, ಯೇಲ್‌ನಲ್ಲಿ ದೈವಶಾಸ್ತ್ರದ ಪದವಿ ಪಡೆದಿದ್ದ. ಕನೆಕ್ಟಿಕಟ್ ಕೃಷಿ ಕಾಲೇಜಿನಲ್ಲಿ ಇಂಗ್ಲಿಷ್, ನೀತಿಶಾಸ್ತ್ರ ಕಲಿಸಲು ಸೇರಿ, 1901ರಿಂದ 1908ರವರೆಗೆ ಅದರ ಅಧ್ಯಕ್ಷನೂ ಆಗಿದ್ದ. ಶಾಲೆಯ ಜಮೀನಿನಲ್ಲಿ ಹುಡುಗರಿಂದ ಕೆಲಸ ಮಾಡಿಸುವುದು ಅಂದಿನ ರೂಢಿ. ಅದರಲ್ಲಿ ಸ್ಟಿಮ್‌ಸನ್ ಕಂಡ ಕೊರತೆ ನೈತಿಕವಾದದ್ದು: ಬೆಳೆ ಶಾಲೆಯದು, ನಷ್ಟ ಶಾಲೆಯದು, ನಿರ್ಧಾರ ಮೇಷ್ಟ್ರದು, ಹುಡುಗನ ಪಾಲಿಗೆ ಉಳಿಯುವುದು ಮೈಕೈ ನೋವು ಮಾತ್ರ. ಅದು ಕೂಲಿ, ಕಲಿಕೆಯಲ್ಲ.

ಅವನು ಕಂಡ ಪರಿಹಾರ ಸರಳ. ಹುಡುಗ ತನ್ನ ಮನೆಯ ಹೊಲದಲ್ಲೇ ಒಂದು ಉದ್ಯಮವನ್ನು ಆರಿಸಿಕೊಳ್ಳಬೇಕು — ಅರ್ಧ ಎಕರೆ ಆಲೂಗಡ್ಡೆಯೋ, ಕೋಳಿಗಳ ಹಿಂಡೋ, ಒಂದೆರಡು ಹಸುಗಳೋ. ಯಾವ ತಳಿ, ಎಷ್ಟು ಗೊಬ್ಬರ, ಎಲ್ಲಿ ಮಾರಾಟ ಎಂದು ಚಳಿಗಾಲದಲ್ಲಿ ಶಾಲೆಯಲ್ಲಿ ಕುಳಿತು ಓದಿ ಯೋಜನೆ ಹಾಕಬೇಕು. ಖರ್ಚು ವೆಚ್ಚ ಬರೆದಿಡಬೇಕು. ಬೇಸಿಗೆಯಲ್ಲಿ ಮೇಷ್ಟ್ರು ಮನೆಮನೆಗೆ ಬಂದು ನೋಡಬೇಕು; ಆದ್ದರಿಂದ ಕೃಷಿ ಮೇಷ್ಟ್ರಿಗೆ ವರ್ಷಪೂರ್ತಿ ಕೆಲಸ. ಲಾಭ ಬಂದರೆ ಹುಡುಗನದು, ಹುಳು ಬಿದ್ದರೆ ಅದೂ ಅವನದೇ. ಇಲ್ಲಿ ಗೊಬ್ಬರದ ಪ್ರಮಾಣ ಗಣಿತವಾಗುತ್ತದೆ, ಮಣ್ಣು ರಸಾಯನಶಾಸ್ತ್ರವಾಗುತ್ತದೆ, ಅಪ್ಪನ ಹಳೆಯ ರೂಢಿಯೊಡನೆ ವಾದ ಹೂಡುವುದು ಒಂದು ಬಗೆಯ ತರ್ಕಶಾಸ್ತ್ರವೂ ಆಗುತ್ತದೆ. ಮನೆಯಲ್ಲಿ ಜಮೀನಿಲ್ಲದ ಹುಡುಗನ ಗತಿಯೇನು ಎಂಬುದು ಈ ಪದ್ಧತಿಯ ದುರ್ಬಲ ಜಾಗ. ಸ್ಮಿತ್ ಮನಸ್ಸಿನಲ್ಲಿಟ್ಟುಕೊಂಡದ್ದು ಅಂಥ ಬಡ ಹುಡುಗರನ್ನೇ ಎಂಬುದು ಗಮನಿಸತಕ್ಕ ಸಂಗತಿ. ಆದರೂ ದುಡಿಮೆಗೆ ಹೊಣೆಯನ್ನೂ ಆಯ್ಕೆಯನ್ನೂ ಕೂಡಿಸಿದ್ದು ನಿಜವಾದ ಮುನ್ನಡೆ. ಪ್ಯೂರಿಟನ್ನರು ಹೇಳಿದ ಕರೆ ಹೊರಗಿನಿಂದ ಬರುತ್ತಿತ್ತು. ಸ್ಟಿಮ್‌ಸನ್ನನ ಹುಡುಗ ತನ್ನ ಕೆಲಸವನ್ನು ತಾನೇ ಕರೆದುಕೊಳ್ಳಬೇಕಿತ್ತು.

1911ರಲ್ಲಿ ಸ್ಟಿಮ್‌ಸನ್ ರಾಜ್ಯದ ಕೃಷಿಶಿಕ್ಷಣದ ಮೇಲ್ವಿಚಾರಕನಾದ. ಅವನ ‘ಮನೆ ಯೋಜನೆ’ಯನ್ನು ಕೇಂದ್ರದ ಶಿಕ್ಷಣ ಇಲಾಖೆ 1914ರಲ್ಲಿ ಪುಸ್ತಿಕೆಯಾಗಿ ಅಚ್ಚು ಹಾಕಿತು. 1917ರ ಸ್ಮಿತ್–ಹ್ಯೂಸ್ ಕಾಯಿದೆ (ಈ ಸ್ಮಿತ್ ಜಾರ್ಜಿಯಾದ ಸೆನೆಟರ್ ಹೋಕ್ ಸ್ಮಿತ್, ಹ್ಯಾಟ್‌ಫೀಲ್ಡ್‌ನ ಮನೆತನಕ್ಕೆ ಸಂಬಂಧವಿಲ್ಲ) ವೃತ್ತಿಶಿಕ್ಷಣಕ್ಕೆ ಕೇಂದ್ರದ ಹಣ ಕೊಟ್ಟಾಗ, ಕೃಷಿ ವಿದ್ಯಾರ್ಥಿಗಳಿಗೆ ವರ್ಷಕ್ಕೆ ಕನಿಷ್ಠ ಆರು ತಿಂಗಳ ಮೇಲ್ವಿಚಾರಣೆಯ ಪ್ರಾಯೋಗಿಕ ಕೆಲಸ ಕಡ್ಡಾಯವೆಂದಿತು. ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಬರೆದು ಜಗತ್ತಿಗೆಲ್ಲ ಹಬ್ಬಿಸಿದ, ಇಂದು ಶಾಲಾ ಮಕ್ಕಳ ತಂದೆತಾಯಿಗಳನ್ನು ರಾತ್ರಿಯೆಲ್ಲ ಎಚ್ಚರವಿರಿಸುವ, ‘ಪ್ರಾಜೆಕ್ಟ್’ ಪದ್ಧತಿಗೆ ಮುಂಚಿನ ರೂಪಗಳಲ್ಲಿ ಇದೂ ಒಂದು.

ತತ್ತ್ವದ ಜಗಳ ಇಷ್ಟಕ್ಕೇ ತಣ್ಣಗಾಗಲಿಲ್ಲ. ಮ್ಯಾಸಚೂಸೆಟ್ಸ್‌ನ ಶಿಕ್ಷಣ ಆಯುಕ್ತ ಡೇವಿಡ್ ಸ್ನೆಡನ್ ವೃತ್ತಿಶಾಲೆಗಳು ಸಾಮಾನ್ಯ ಶಾಲೆಗಳಿಂದ ಬೇರೆಯೇ ಆಗಿರಬೇಕು, ಸಮಾಜಕ್ಕೆ ಬೇಕಾದ ದಕ್ಷ ಉತ್ಪಾದಕರನ್ನು ತಯಾರಿಸುವುದೇ ಅವುಗಳ ಗುರಿ ಎಂದು ವಾದಿಸುತ್ತಿದ್ದ. ತತ್ತ್ವಜ್ಞಾನಿ ಜಾನ್ ಡ್ಯೂಯಿ 1915ರಲ್ಲಿ ‘ನ್ಯೂ ರಿಪಬ್ಲಿಕ್’ ಪತ್ರಿಕೆಯಲ್ಲಿ ಅವನಿಗೆ ಎದುರಾದ. ಕೈಕೆಲಸ ಶಾಲೆಗೆ ಬರುವುದಕ್ಕೆ ಡ್ಯೂಯಿಯ ವಿರೋಧವಿರಲಿಲ್ಲ, ಅವನಷ್ಟು ಅದನ್ನು ಬಯಸಿದವರು ಕಡಿಮೆ. ಇರುವ ಕೈಗಾರಿಕಾ ವ್ಯವಸ್ಥೆಗೆ ಮಕ್ಕಳನ್ನು ಹೊಂದಿಸುವ ಶಿಕ್ಷಣ ಅವನಿಗೆ ಬೇಡವಾಗಿತ್ತು. ಆ ವ್ಯವಸ್ಥೆಯನ್ನು ಅರ್ಥಮಾಡಿಕೊಂಡು ಬದಲಿಸಬಲ್ಲವರನ್ನು ಬೆಳೆಸುವ ಶಿಕ್ಷಣ ಬೇಕಾಗಿತ್ತು. ಮರುವರ್ಷ ಪ್ರಕಟವಾದ ‘ಡೆಮಾಕ್ರಸಿ ಅಂಡ್ ಎಜುಕೇಶನ್’ನಲ್ಲಿ ಅವನು ಈ ಎರಡು ಬಗೆಯ ವಿದ್ಯೆಯ ಭೇದವನ್ನು ಪ್ರಾಚೀನ ಗ್ರೀಕರ ಕಾಲಕ್ಕೆ ಒಯ್ದ: ಗುಲಾಮರು ದುಡಿದು ಸ್ವತಂತ್ರರು ಚಿಂತಿಸಿದ ಸಮಾಜದಲ್ಲಿ ಹುಟ್ಟಿದ ವಿಂಗಡಣೆ ಪ್ರಜಾಪ್ರಭುತ್ವದಲ್ಲಿ ಮುಂದುವರಿಯುವುದಕ್ಕೆ ಸಮರ್ಥನೆಯಿಲ್ಲ.

ಈ ವಾದವನ್ನು ಡ್ಯೂಯಿಗಿಂತ ಮೊದಲೇ ನೋವಿನಿಂದ ಆಡಿದವರಿದ್ದರು. ಅಲಬಾಮಾದ ಟಸ್ಕೀಗಿಯಲ್ಲಿ 1881ರಿಂದ ಬುಕರ್ ವಾಷಿಂಗ್ಟನ್ ಕಪ್ಪು ಯುವಕರಿಗೆ ಇಟ್ಟಿಗೆ ಸುಡುವುದನ್ನೂ ಬೇಸಾಯವನ್ನೂ ಕಲಿಸುತ್ತ, ದುಡಿಮೆಯ ಘನತೆಯಿಂದಲೇ ಜನಾಂಗ ಮೇಲೇಳುತ್ತದೆಂದ. ಮ್ಯಾಸಚೂಸೆಟ್ಸ್‌ನಲ್ಲೇ ಹುಟ್ಟಿದ ಡಬ್ಲ್ಯು. ಇ. ಬಿ. ಡುಬಾಯ್ಸ್ 1903ರಲ್ಲಿ ಇದನ್ನು ಕಟುವಾಗಿ ಪ್ರಶ್ನಿಸಿದ: ಮತದ ಹಕ್ಕನ್ನೂ ಉನ್ನತ ವಿದ್ಯೆಯನ್ನೂ ಬಿಟ್ಟುಕೊಟ್ಟು ಪಡೆಯುವ ಕಸುಬು ಯಾರಿಗೆ ಘನತೆ ತರುತ್ತದೆ? ದುಡಿಮೆ ಪವಿತ್ರವೆಂದು ಇನ್ನೊಬ್ಬರಿಗೆ ಬೋಧಿಸುವವನು ಆ ದುಡಿಮೆಯಿಂದ ತಾನು ಹೊರಗಿದ್ದಾನೆಯೇ ಎಂದು ನೋಡುವುದು ಒಳ್ಳೆಯ ಪರೀಕ್ಷೆ. ಆಲಿವರ್ ಸ್ಮಿತ್ ಈ ಪರೀಕ್ಷೆಯಲ್ಲಿ ಸೋಲುವುದಿಲ್ಲ; ಅವನು ತಾನೇ ಉತ್ತವನು.

ಕೆಲಸ ಕಲಿಸುವ ಶಾಲೆ ಬಿಡುಗಡೆಯ ಶಾಲೆಯಾಗುವುದು ಕೆಲಸದ ಬಗೆಯಿಂದಲ್ಲ. ಹಟ್ಟಿ ಗುಡಿಸುವವನೂ ಸ್ವತಂತ್ರನಿರಬಹುದು, ಲ್ಯಾಟಿನ್ ಓದುವವನೂ ಅಡಿಯಾಳಾಗಿರಬಹುದು. ಏನನ್ನು ಬೆಳೆಯಬೇಕು, ಏಕೆ ಬೆಳೆಯಬೇಕು, ಬಂದದ್ದನ್ನು ಏನು ಮಾಡಬೇಕು ಎಂಬ ತೀರ್ಮಾನದಲ್ಲಿ ಕಲಿಯುವವನಿಗೆ ಪಾಲಿದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸ್ಮಿತ್‌ನ ಉಯಿಲಿಗೂ ಇದೇ ಮಾನದಂಡವನ್ನು ಹಚ್ಚಬಹುದು. ಅರುವತ್ತು ವರ್ಷದ ಕಟ್ಟಿನಲ್ಲಿ ಅದು ಸೋಲುತ್ತದೆ, ಏಕೆಂದರೆ ಆ ಅವಧಿಯಲ್ಲಿ ಬದುಕಿದ ಯಾರಿಗೂ ಅದರಲ್ಲಿ ಮಾತಿರಲಿಲ್ಲ. ಆದರೆ ಅವಧಿ ಮುಗಿದ ಮೇಲೆ ಹಣ ಯಾರ ಕೈಸೇರಬೇಕೆಂಬುದರಲ್ಲಿ ಅವನು ಜೆಫರ್ಸನ್ ಒಪ್ಪುವಂಥ ಕೆಲಸ ಮಾಡಿದ. ಶಾಲೆಯನ್ನು ತನ್ನ ಮನೆತನದ ಕೈಗೂ ಒಪ್ಪಿಸಲಿಲ್ಲ, ತಾನು ಹೆಸರಿಸಿದ ಗಣ್ಯರ ಮಂಡಳಿಗೂ ಒಪ್ಪಿಸಲಿಲ್ಲ. ಶಾಲೆಯ ಮೇಲ್ವಿಚಾರಕರನ್ನು ನಾರ್ಥಾಂಪ್ಟನ್ನಿನ ಮತದಾರರು ಚುನಾಯಿಸುತ್ತಾರೆ. ಬಡವರ ನಿಧಿಗೂ ಅಂಥದೇ ಏರ್ಪಾಡು: ನಾರ್ಥಾಂಪ್ಟನ್, ಹ್ಯಾಟ್‌ಫೀಲ್ಡ್, ಹ್ಯಾಡ್ಲಿ, ಆ್ಯಮರ್ಸ್ಟ್, ವಿಲಿಯಮ್ಸ್‌ಬರ್ಗ್, ಡಿಯರ್‌ಫೀಲ್ಡ್, ಗ್ರೀನ್‌ಫೀಲ್ಡ್, ವೇಟ್ಲಿ ಈ ಎಂಟು ಊರುಗಳ ಜನ ತಲಾ ಒಬ್ಬ ಪ್ರತಿನಿಧಿಯನ್ನು ಆರಿಸುತ್ತಾರೆ, ಆ ಪ್ರತಿನಿಧಿಗಳು ಕೂಡಿ ಮೂವರು ಧರ್ಮದರ್ಶಿಗಳನ್ನು ನೇಮಿಸುತ್ತಾರೆ. ಇಂದಿಗೂ ಆ ಊರುಗಳ ಮತಪತ್ರದಲ್ಲಿ ಸ್ಥಳೀಯ ಹುದ್ದೆಗಳ ಪಟ್ಟಿಯೊಳಗೆ ‘ಆಲಿವರ್ ಸ್ಮಿತ್ ಉಯಿಲಿನ ಪ್ರತಿನಿಧಿ’ ಎಂಬ ಒಂದು ಸಾಲು ಇರುತ್ತದೆ.